ಅಂಗಿ ಎಳೆದವರ ಹೆಸರು

ಮಂಜುನಾಥಪ್ಪ ಕಂಡಕ್ಟರ್ ಆಗಿರುವ ಖಾಸಗಿ ಬಸ್ಸು ಬೆಳಿಗ್ಗೆ ಸಾಗರದಿಂದ ಹೊರಟು ರಿಪ್ಪನ್‌ಪೇಟೆ ಮೇಲೆ ತೀರ್ಥಹಳ್ಳಿ ಮುಟ್ಟುತ್ತದೆ, ಮಧ್ಯಾಹ್ನದ ಮೇಲೆ ಹೊಸನಗರ ಸುತ್ತಿಕೊಂಡು ಸಾಗರಕ್ಕೆ ಮರಳುತ್ತದೆ. ಹರೆಯದಿಂದಲೂ ಇದೇ ದಾರಿಯಲ್ಲಿ ಓಡಾಡಿರುವುದರಿಂದ ಮೂರು ತಾಲೂಕಿನ ಜನರೂ ಅವನಿಗೆ ಸ್ಟಾಪಿನ ಲೆಕ್ಕದಲ್ಲಿ ಗೊತ್ತು. ಯಾವ ಸ್ಟಾಪಿನ ಹುಡುಗಿ ಯಾವ ಸ್ಟಾಪಿಗೆ ಮದುವೆಯಾಗಿ ಹೋದಳು, ಯಾರನ್ನು ಕಿಟಕಿ ಪಕ್ಕ ಕೂರಿಸದಿದ್ದರೆ ವಾಂತಿ ಮಾಡಿಕೊಳ್ಳುತ್ತಾರೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಆದ್ದರಿಂದ ಯಾರನ್ನು ಯಾರ ಪಕ್ಕ ಕೂರಿಸಬಾರದು, ಎಲ್ಲ ಬಾಯಿಪಾಠ. ದನಿ ದೊಡ್ಡದು. ಬಸ್ಸು ನಿಲ್ಲುವ ಮೊದಲೇ ಬಾಗಿಲಲ್ಲಿ ಜೋತುಬಿದ್ದು, "ಶೇಷಮ್ಮ ಇಳೀತಾರೆ, ಮಂಡಿನೋವು, ಯಾರೂ ನುಗ್ಗಬೇಡಿ" ಎಂದು ಕೂಗುತ್ತಾನೆ. ಶೇಷಮ್ಮನ ಮಂಡಿನೋವು ಅವಳ ಸೊಸೆಗೆ ತಿಳಿಯುವ ಮೊದಲೇ ಊರಿಗೆ ತಿಳಿದದ್ದು ಹಾಗೆ. ಇದರಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಲ್ಲ. ಗೊತ್ತಿರುವುದನ್ನು ಗಟ್ಟಿಯಾಗಿ ಹೇಳುವುದು ಉಪಕಾರ ಎಂದೇ ಅವನು ತಿಳಿದಿದ್ದ.

ಅವನಿಗೆ ಫುಟ್‌ಬಾಲ್ ಹತ್ತಿದ್ದು ಭದ್ರಾವತಿಯಲ್ಲಿ. ಹದಿನಾರು ಹದಿನೇಳರ ವಯಸ್ಸಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಓದಲು ಹೋದವನು ಓದಿದ್ದಕ್ಕಿಂತ ಆಡಿದ್ದೇ ಹೆಚ್ಚು. ಊರಿಗೆ ಮರಳಿದರೆ ಇಲ್ಲಿ ಎಲ್ಲರ ಕೈಯಲ್ಲೂ ಕ್ರಿಕೆಟ್ ಬ್ಯಾಟು, ಇಲ್ಲಾ ವಾಲಿಬಾಲು. ಕಾಲಲ್ಲಿ ಆಡುವ ಆಟ ಎಂದರೆ ಜನ ನಕ್ಕರು. ಹಾಗಾಗಿ ಫುಟ್‌ಬಾಲನ್ನು ಮನಸ್ಸಿನ ಮೂಲೆಗೆ ಸೇರಿಸಿ ಬಸ್ಸು ಹತ್ತಿದ. ಕೊರಳಲ್ಲಿ ಸೀಟಿಯೊಂದು ಉಳಿಯಿತು.

ಆ ಸೀಟಿಗೆ ಹೊಸ ಕೆಲಸ ಕೊಟ್ಟವರು ಸಾಗರದ ಕೃಷ್ಣಪ್ರಸಾದ್. ಪೇಟೆಯಲ್ಲಿ ಪೈಪು, ಮೋಟಾರುಗಳ ಅಂಗಡಿ ಇಟ್ಟಿರುವ ಇವರು ಟಿ.ವಿ.ಯಲ್ಲಿ ಫುಟ್‌ಬಾಲ್ ನೋಡಿ ನೋಡಿ, ತಮ್ಮ ಊರಿನ ಮಕ್ಕಳೂ ಆಡಬೇಕೆಂದು ಹಟ ಹಿಡಿದು ಮೂರು ತಾಲೂಕುಗಳಿಗೆ ಹದಿನಾಲ್ಕು ವರ್ಷದೊಳಗಿನವರ ಕಪ್ ಶುರುಮಾಡಿದರು. ಆಟ ಬಲ್ಲವರನ್ನು ಹುಡುಕುತ್ತ ಹೋದಾಗ ಸಿಕ್ಕಿದವನು ಮಂಜುನಾಥಪ್ಪ. ಶಿವಮೊಗ್ಗಕ್ಕೆ ಕಳಿಸಿ ರೆಫ್ರಿ ತರಬೇತಿ ಕೊಡಿಸಿದರು. ಪಂದ್ಯದ ದಿನಗಳಲ್ಲಿ ಬಸ್ಸಿಗೆ ಬದಲಿ ಆಳು.

ಮೊದಲ ವರ್ಷದ ಕಪ್ ಜಗಳದಲ್ಲೇ ಮುಗಿಯಿತು. ನೋಡಲು ಬಂದವರಿಗೆ ಆಟದ ನಿಯಮ ಗೊತ್ತಿರಲಿಲ್ಲ. ಮಂಜುನಾಥಪ್ಪ ಸೀಟಿ ಊದಿದರೆ ಯಾರಿಗೆ ಊದಿದ್ದು, ಯಾಕೆ ಊದಿದ್ದು ಎಂದು ತಿಳಿಯದೆ ಎರಡೂ ಕಡೆಯವರು ತಮಗೇ ಅನ್ಯಾಯವಾಯಿತೆಂದು ಎದ್ದು ನಿಲ್ಲುತ್ತಿದ್ದರು. ಹೊಸನಗರದಲ್ಲಿ ಒಬ್ಬ ಹುಡುಗನ ದೊಡ್ಡಪ್ಪ ಕೊಡೆ ಹಿಡಿದುಕೊಂಡು ಮೈದಾನದೊಳಗೆ ಬಂದು ಗೋಲಿನ ಬಾಯಲ್ಲಿ ನಿಂತುಬಿಟ್ಟ. ಕಾರಣ ಹೇಳುವ ತನಕ ಅಲ್ಲಾಡುವುದಿಲ್ಲ ಎಂದ. ಮಂಜುನಾಥಪ್ಪ ಕಾರಣ ಹೇಳಿದ. ಅದು ದೊಡ್ಡಪ್ಪನಿಗೆ ಒಪ್ಪಿಗೆಯಾಗಲಿಲ್ಲ. ಆಟ ಮುಂದುವರಿಯಿತು, ಅವನು ಅಲ್ಲೇ ನಿಂತಿದ್ದ, ಒಂದು ಗೋಲನ್ನು ಕೊಡೆಯಿಂದ ತಡೆದ.

ಹೋದ ವರ್ಷ ಮಳೆಗಾಲ ಕಳೆದ ಮೇಲೆ ಎರಡನೇ ಕಪ್ಪಿನ ಸಭೆ ರಿಪ್ಪನ್‌ಪೇಟೆಯಲ್ಲಿ ಸೇರಿತು. ಕೃಷ್ಣಪ್ರಸಾದ್ ಒಂದು ಕಾಲರ್ ಮೈಕ್ ತಂದಿದ್ದರು.

"ಈಗ ಹೊರದೇಶದಲ್ಲಿ ರೆಫ್ರಿನೇ ಮೈಕಲ್ಲಿ ಹೇಳ್ತಾರೆ, ಯಾರು ಏನು ಮಾಡಿದ್ರು ಅಂತ" ಎಂದರು. "ಮುಚ್ಚುಮರೆ ಯಾಕೆ? ಹೆಸರು ಹೇಳಿದ್ರೆ ಜನಕ್ಕೆ ಅರ್ಥ ಆಗುತ್ತೆ, ಮಕ್ಕಳಿಗೂ ಒಂದು ಭಯ ಇರುತ್ತೆ."

ಹೊಸನಗರ ತಂಡದ ಕೋಚ್ ಸುಚಿತ್ರಾ ರಿಪ್ಪನ್‌ಪೇಟೆಯ ಶಾಲೆಯೊಂದರಲ್ಲಿ ಆಟದ ಟೀಚರು. ಅವಳಿಗೆ ಇದು ಹಿಡಿಸಲಿಲ್ಲ. "ಅವ್ರು ದೊಡ್ಡೋರು ಸಾರ್, ಸಂಬಳ ತಗೊಂಡು ಆಡೋರು. ನಮ್ಮವು ಮೀಸೆ ಬರದ ಹುಡುಗ್ರು. ಮೈಕಲ್ಲಿ ಹೆಸರು ಕೂಗಿದ್ರೆ ನಾಳೆ ಶಾಲೆಲಿ ಬದುಕೋದು ಹೇಗೆ?"

"ತಪ್ಪು ಮಾಡದಿದ್ರಾಯ್ತು."

"ತಪ್ಪು ಮಾಡದೆ ಫುಟ್‌ಬಾಲ್ ಕಲಿಯೋಕಾಗಲ್ಲ ಸಾರ್."

"ನನ್ನ ಮಗ ಮಧುಸೂದನನೂ ಸಾಗರದ ಟೀಮಲ್ಲಿದಾನೆ. ಅವನ ಹೆಸರು ಬಂದ್ರೂ ಕೂಗಿ. ನಾನು ಬೇಜಾರು ಮಾಡ್ಕೊಳಲ್ಲ" ಎಂದರು ಕೃಷ್ಣಪ್ರಸಾದ್. ಸಭೆ ತಲೆದೂಗಿತು. ಮಂಜುನಾಥಪ್ಪನಂತೂ ಮಾತುಕತೆಯ ಉದ್ದಕ್ಕೂ ಮೈಕನ್ನು ಅಂಗಿಗೆ ಸಿಕ್ಕಿಸಿಕೊಂಡು ತೆಗೆದು, ಮತ್ತೆ ಸಿಕ್ಕಿಸಿಕೊಂಡು ನೋಡುತ್ತಿದ್ದ. ಜೀವಮಾನವಿಡೀ ಬರಿಗಂಟಲಲ್ಲಿ ಕೂಗಿದವನಿಗೆ ಮೈಕ್ ಸಿಕ್ಕರೆ ಬಿಡುತ್ತಾನೆಯೇ.

ಮೊದಲ ಪಂದ್ಯ ರಿಪ್ಪನ್‌ಪೇಟೆಯಲ್ಲಿ, ಹೊಸನಗರಕ್ಕೂ ತೀರ್ಥಹಳ್ಳಿಗೂ. ಸಂತೆಯ ದಿನ. ಮೈಕ್‌ಸೆಟ್ ಅಂಗಡಿಯ ದಿನೇಶ್ ಮೈದಾನದ ಸುತ್ತ ಹಾರ್ನ್ ಸ್ಪೀಕರುಗಳನ್ನು ಕಟ್ಟಿದ. ಉಳಿದ ಒಂದನ್ನು ಮನೆಗೆ ಯಾಕೆ ಒಯ್ಯುವುದೆಂದು ಸಂತೆಯ ಕಡೆ ಮುಖ ಮಾಡಿ ಕಟ್ಟಿದ.

ತೊಡಕೊಂದಿತ್ತು. ಹೊಸನಗರ ತಂಡದ ಅಂಗಿಗಳಿಗೆ ನಂಬರು ಹೊಲಿದವಳು ಮಂಜುನಾಥಪ್ಪನ ಹೆಂಡತಿ ಹಾಲಮ್ಮ. ರವಿಕೆ ಹೊಲಿಯುವುದರಲ್ಲಿ ಅವರ ಊರು ಆನಂದಪುರದಲ್ಲೇ ಅವಳ ಕೈ ಮೇಲು. ಆದರೆ ಬಟ್ಟೆಯಲ್ಲಿ ಕತ್ತರಿಸಿಟ್ಟ ಆರು, ಒಂಬತ್ತುಗಳನ್ನು ಗಡಿಬಿಡಿಯಲ್ಲಿ ಒಂದೇ ದಿಕ್ಕಿಗೆ ಹೊಲಿದುಬಿಟ್ಟಿದ್ದಳು. ಹಾಗಾಗಿ ಹೊಸನಗರಕ್ಕೆ ಇಬ್ಬರು ಆರು. ಒಂಬತ್ತು ಇಲ್ಲವೇ ಇಲ್ಲ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಒಬ್ಬ ಆರು ತೀರ್ಥಹಳ್ಳಿಯ ಹುಡುಗನ ಅಂಗಿ ಹಿಡಿದು ಎಳೆದ. ಸೀಟಿ ಬಿತ್ತು. ಮಂಜುನಾಥಪ್ಪ ಗಂಟಲು ಸರಿಮಾಡಿಕೊಂಡ. "ಫೌಲ್. ಮಾಡಿದವರು, ಹೊಸನಗರ ತಂಡದ ಆರನೇ ನಂಬರ್."

"ಯಾವ ಆರು?" ಎಂದು ಜನ ಕೂಗಿದರು.

"ಎಡಗಡೆ ಇರುವ ಆರು" ಎಂದ. ಅಷ್ಟರಲ್ಲಿ ಹುಡುಗರು ಜಾಗ ಬದಲಿಸಿದ್ದರು. ಏನೂ ಮಾಡದ ಆರು ಎದೆಯ ಮೇಲೆ ಕೈಯಿಟ್ಟು ತಾನಲ್ಲ ಎಂದು ಸನ್ನೆ ಮಾಡಿದ. ಜನ ಗಲಿಬಿಲಿಗೊಂಡರು. ಗಲಿಬಿಲಿ ಮಂಜುನಾಥಪ್ಪನಿಗೆ ಆಗಿಬರದ ಸಂಗತಿ. ತನಗೆ ಬರುವ ರೀತಿಯಲ್ಲೇ ಬಿಡಿಸಿ ಹೇಳಿದ.

"ಮಾವಿನಕೊಪ್ಪ ಕ್ರಾಸಿನಲ್ಲಿ ಇಳಿಯುವ ಗುತ್ಯಮ್ಮನವರ ಮೊಮ್ಮಗ, ಲಿಖಿತ್. ಎದುರಾಳಿಯ ಅಂಗಿ ಹಿಡಿದು ಎಳೆದದ್ದಕ್ಕೆ."

"ಹಾಂ, ಅವನಾ" ಎಂದು ಜನ ಸಮಾಧಾನಗೊಂಡರು. ಯಾರೂ ಮೈದಾನಕ್ಕೆ ನುಗ್ಗಲಿಲ್ಲ. ವೇದಿಕೆಯ ಮೇಲೆ ಕೃಷ್ಣಪ್ರಸಾದ್ ಅಕ್ಕಪಕ್ಕದವರನ್ನು ನೋಡಿ ಮುಗುಳ್ನಕ್ಕರು. ಗಾಬರಿಯಾದ ಲಿಖಿತ್ ಮುಂದಿನ ಸಲವೂ ಅಂಗಿಗೇ ಕೈ ಹಾಕಿದ. "ಮತ್ತೆ ಅದೇ ಮಾವಿನಕೊಪ್ಪದವರು" ಎಂದಿತು ಹಾರ್ನ್. ಈ ಸಲ ಹಳದಿ ಕಾರ್ಡೂ ಸಿಕ್ಕಿತು.

ಆ ಹೊತ್ತಿಗೆ ಗುತ್ಯಮ್ಮ ಸಂತೆಯಲ್ಲಿ ಒಣಮೀನು ಆರಿಸುತ್ತಿದ್ದಳು. ತಲೆಯ ಮೇಲಿನ ಹಾರ್ನ್ ತನ್ನ ಹೆಸರು ಹೇಳಿದ್ದು ಕೇಳಿ ಅವಳ ಕೈ ನಿಂತಿತು. ಅವಳು ಬಲ್ಲಂತೆ ಮೈಕಿನಲ್ಲಿ ಒಬ್ಬರ ಹೆಸರು ಬರುವುದು ಸತ್ತರೆ, ಇಲ್ಲವೆ ಬಹುಮಾನ ಬಂದರೆ. ತಾನು ಸತ್ತಿಲ್ಲವಾದ್ದರಿಂದ ಬಹುಮಾನವೇ ಇರಬೇಕೆಂದು ಮೀನಿನವಳ ಮುಂದೆ ಸೆರಗು ಸರಿಮಾಡಿಕೊಂಡಳು. ಮೀನಿನವಳ ಕಿವಿ ಚುರುಕಾಗಿತ್ತು. "ಬಹುಮಾನ ಅಲ್ಲಮ್ಮ. ನಿಮ್ಮ ಮೊಮ್ಮಗ ಯಾರ್ದೋ ಅಂಗಿ ಎಳೆದ್ನಂತೆ" ಎಂದಳು.

ಮರುದಿನ ಬೆಳಿಗ್ಗೆ ಮಾವಿನಕೊಪ್ಪ ಕ್ರಾಸಿನಲ್ಲಿ ಬಸ್ಸು ನಿಂತಾಗ ಗುತ್ಯಮ್ಮ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಂತಳು. ಹಾಗೆ ನಿಂತರೆ ಬಸ್ಸು ಹೊರಡುವಂತಿಲ್ಲ ಎಂದು ಅವಳಿಗೆ ಗೊತ್ತು.

"ಅಲ್ಲ ತಮ್ಮಾ, ನಮ್ಮ ಹುಡುಗ ಏನ್ ಕದ್ದಿದ್ನಾ?"

"ಕದ್ದಿಲ್ಲ ಗುತ್ಯಮ್ಮಕ್ಕ. ಅಂಗಿ ಎಳೆದ. ಆಟದಲ್ಲಿ ಅದು ಫೌಲು."

"ಎಳೆದ್ರೆ ಅವನಿಗೆ ಹೇಳು. ಅವನ ಕಿವಿ ಹಿಂಡು. ನನ್ನ ಹೆಸರು ಯಾಕೆ ಹೇಳ್ದೆ? ನಾನೇನ್ ಎಳೆದಿದ್ನಾ?"

"ಗುರುತಿಗೆ ಹೇಳಿದ್ದು."

"ಗುರುತಾ? ಸಂತೆಲಿ ಮೂರು ಜನ ಕೇಳಿದ್ರು, ಅಂಗಿ ಎಳೆದ ಗುತ್ಯಮ್ಮ ನೀವೇನಾ ಅಂತ."

ಡ್ರೈವರ್ ಹಾರ್ನ್ ಹೊಡೆದ. ಗುತ್ಯಮ್ಮ ಅಲುಗಲಿಲ್ಲ. ತನ್ನ ಮೊಮ್ಮಗ ಒಳ್ಳೆಯ ಹುಡುಗ ಎಂದು ಬಸ್ಸಿನಲ್ಲಿರುವವರಿಗೆಲ್ಲ ಕೇಳುವಂತೆ ಹೇಳಿದರೆ ಮಾತ್ರ ಕಾಲು ತೆಗೆಯುವುದಾಗಿ ಹೇಳಿದಳು. ಮಂಜುನಾಥಪ್ಪ ಬಸ್ಸಿನೊಳಗೆ ತಿರುಗಿ, ಗುತ್ಯಮ್ಮನವರ ಮೊಮ್ಮಗ ಲಿಖಿತ್ ಒಳ್ಳೆಯ ಹುಡುಗನೆಂದು ಸಾರಿದ. ಹಿಂದಿನ ದಿನದ ಆಟದ ಸುದ್ದಿ ತಿಳಿಯದಿದ್ದ ಹಿಂದಿನ ಸೀಟಿನವರು, "ಯಾಕೆ, ಏನಾಗಿತ್ತು?" ಎಂದು ಕೇಳಿ, ಅಂಗಿ ಎಳೆದ ಕಥೆಯನ್ನು ಪೂರ್ತಿ ತಿಳಿದುಕೊಂಡರು.

ಎರಡನೇ ಪಂದ್ಯಕ್ಕೆ ಸಾಗರದ ತಂಡ ತೀರ್ಥಹಳ್ಳಿಗೆ ಹೋಯಿತು. ಅಷ್ಟರಲ್ಲಿ ಮೈಕಿನ ರೆಫ್ರಿಯ ಸುದ್ದಿ ಹಬ್ಬಿ, ಆಟ ನೋಡುವುದಕ್ಕಿಂತ ಹೆಸರು ಕೇಳುವುದಕ್ಕೇ ಜನ ಕಿಕ್ಕಿರಿದಿದ್ದರು. ಇಲ್ಲಿ ಸಂಗತಿ ತಿರುವುಮುರುವಾಯಿತು. ಅತ್ತೆ, ಚಿಕ್ಕಪ್ಪ, ಅಜ್ಜಿ ಎಲ್ಲ ಬಂದು ಕೂತಿರುವಾಗ ಹಾರ್ನಿನಲ್ಲಿ ತಮ್ಮ ಹೆಸರು ಮೊಳಗುವುದನ್ನು ಕೇಳುವ ಆಸೆ ಹುಡುಗರಿಗೆ ಹುಟ್ಟಿತು. ಗೋಲು ಹೊಡೆದವನ ಹೆಸರನ್ನು ಹೇಳಬೇಕೆಂಬ ನಿಯಮ ಇರಲಿಲ್ಲ. ಫೌಲ್ ಮಾಡಿದವನ ಹೆಸರಿಗಷ್ಟೇ ನಿಯಮ. ಗೋಲು ಹೊಡೆಯುವುದು ಕಷ್ಟ, ಫೌಲು ಸುಲಭ. ತೀರ್ಥಹಳ್ಳಿಯ ಒಬ್ಬ ಹುಡುಗ ಎದುರಾಳಿಯ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು, ನೋವಾಗದಂತೆ ಎಳೆದು, ರೆಫ್ರಿಯ ಕಡೆ ತಿರುಗಿ ಕಾದು ನಿಂತ. ಮಂಜುನಾಥಪ್ಪ ಹೆಸರು ಹೇಳಿದ. ಹುಡುಗ ಹತ್ತಿರ ಬಂದು ಮೆಲ್ಲಗೆ, "ಅಂಕಲ್, ಇನಿಶಿಯಲ್ ಬಿಟ್ರಿ" ಎಂದ.

ಬಿಡುವಿನಲ್ಲಿ ಒಬ್ಬ ತಂದೆ ರೆಫ್ರಿಯನ್ನು ಮರದ ಕೆಳಗೆ ತಡೆದು ನಿಲ್ಲಿಸಿದ. "ನಮ್ಮ ಹುಡುಗನೂ ಅಷ್ಟೊತ್ತಿಂದ ಓಡಾಡ್ತಿದಾನೆ. ಒಂದು ಸಲನಾದ್ರೂ ಹೆಸರು ಬರಬೇಡ್ವಾ? ಮಂಗಳೂರಿಂದ ಅವನ ಮಾವ ಬಂದಿದಾರೆ."

"ಅವನು ತಪ್ಪು ಮಾಡಿಲ್ಲ ಸಾರ್."

"ಹೋಗ್ಲಿ, ಮಾಡಿಲ್ಲ ಅಂತನಾದ್ರೂ ಹೇಳಿ."

ಮಂಜುನಾಥಪ್ಪ ಅದನ್ನೂ ಹೇಳಿದ. ಮಾವ ಎದ್ದು ನಿಂತು ಕೈಮುಗಿದರು.

ಆ ದಿನಗಳಲ್ಲಿ ಮಂಜುನಾಥಪ್ಪನ ನಡಿಗೆಯೇ ಬೇರೆಯಾಯಿತು. ಹೋಟೆಲಿನವರು ಕರೆದು ಕಾಫಿ ಕೊಟ್ಟರು. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದಾಗ, "ತಪ್ಪು ಮಾಡಿದವರು, ಆನಂದಪುರದ ಹಾಲಮ್ಮ" ಎಂದು ದೊಡ್ಡ ದನಿಯಲ್ಲಿ ಶುರುಮಾಡಿದ. ಹಾಲಮ್ಮ ಸೌಟು ಕೆಳಗಿಟ್ಟು, "ಮುಂದೆ ಹೇಳಿ ನೋಡಣ" ಎಂದಳು. ಅವನು ಮುಂದೆ ಹೇಳಲಿಲ್ಲ.

ಆದರೆ ಮಾವಿನಕೊಪ್ಪ ಕ್ರಾಸಿನಲ್ಲಿ ಲಿಖಿತ್ ಬಸ್ಸು ಹತ್ತುವುದು ನಿಂತಿತು. ಹುಡುಗನಿಗೆ ಜ್ವರವಿರಬೇಕೆಂದು ಮಂಜುನಾಥಪ್ಪ ಮೊದಲು ಅಂದುಕೊಂಡ. ಆಮೇಲೊಂದು ಬೆಳಿಗ್ಗೆ, ಬಸ್ಸಿನ ಮುಂದೆ ಏರಿನಲ್ಲಿ ಚೀಲ ಬೆನ್ನಿಗೆ ಹಾಕಿಕೊಂಡು ಸೈಕಲ್ ತಳ್ಳುತ್ತಿದ್ದ ಅವನನ್ನು ಕಂಡ. ಬಸ್ಸಿನ ಸದ್ದು ಕೇಳಿದ್ದೇ ಹುಡುಗ ಸೈಕಲ್ ಸಮೇತ ಲಂಟಾನದ ಮರೆಗೆ ಸರಿದ.

ಅದೇ ದಿನ ರಿಪ್ಪನ್‌ಪೇಟೆಯಲ್ಲಿ ಸುಚಿತ್ರಾ ಹತ್ತಿದಳು. ಏನೋ ಕೆಲಸದ ಮೇಲೆ ತೀರ್ಥಹಳ್ಳಿಗೆ ಹೊರಟಿದ್ದಳು. ಮಂಜುನಾಥಪ್ಪ ಟಿಕೆಟ್ ಕೊಡುತ್ತ, ಲಿಖಿತ್ ಫೈನಲಿಗೆ ತಯಾರಾಗಿದ್ದಾನೆಯೇ ಎಂದು ಕೇಳಿದ.

"ಪ್ರಾಕ್ಟೀಸಿಗೇ ಬರ್ತಿಲ್ಲ ಮಂಜಣ್ಣ. ಕ್ಲಾಸಲ್ಲಿ ಅವನು ಎದ್ದು ನಿಂತ್ರೆ ಅಕ್ಕಪಕ್ಕದೋರು ಅಂಗಿ ಗಟ್ಟಿ ಹಿಡ್ಕೊಳ್ತಾರೆ. ಬೋರ್ಡ್ ಮೇಲೆ ‘ಅಂಗಿ ಎಳೆವ ಲಿಖಿತ್’ ಅಂತ ಬರೆದಿದ್ರು. ಎರಡು ಸಲ ಒರೆಸಿದೀನಿ."

"ನಾನು ಇದ್ದದ್ದನ್ನೇ ಹೇಳಿದ್ದು ಟೀಚರೆ. ಅವನು ಎಳೆದದ್ದು ಹೌದಲ್ವಾ?"

"ಹೌದು." ಸುಚಿತ್ರಾ ಟಿಕೆಟ್ಟನ್ನು ಪರ್ಸಿಗೆ ಹಾಕುತ್ತ ಕೇಳಿದಳು, "ಬಸ್ಸಲ್ಲಿ ಯಾರಾದ್ರೂ ಟಿಕೆಟ್ ತಗೊಳ್ದೆ ಕೂತಿದ್ರೆ ಏನ್ ಮಾಡ್ತೀರಿ?"

"ಹತ್ರ ಹೋಗಿ ಕೇಳ್ತೀನಿ."

"ಕೂಗಿ ಕೇಳ್ತೀರಾ?"

"ಛೇ, ಮೆಲ್ಲಗೆ. ಮರೆತಿರ್ತಾರೆ, ಇಲ್ಲಾ ಏನೋ ತಾಪತ್ರಯ ಇರುತ್ತೆ. ಎಲ್ಲರೆದುರು ಕೂಗಿದ್ರೆ ಮಾನ ಹೋಗಲ್ವಾ?"

ಸುಚಿತ್ರಾ ಕಿಟಕಿಯ ಕಡೆ ತಿರುಗಿದಳು. ಮಂಜುನಾಥಪ್ಪ ಎರಡು ಸೀಟು ಹಿಂದೆ ಹೋದ, ನಿಂತ, ಯಾರೂ ಇಳಿಯದ, ಯಾರೂ ಹತ್ತದ ಜಾಗದಲ್ಲಿ ಸೀಟಿ ಊದಿ ಬಸ್ಸು ನಿಲ್ಲಿಸಿದ. ಡ್ರೈವರ್ ಕನ್ನಡಿಯಲ್ಲಿ ನೋಡಿದ. ಎರಡೂ ಕಡೆ ಕಾಡು.

ಆ ಸಂಜೆ ಅವನು ಕೃಷ್ಣಪ್ರಸಾದರಿಗೆ ಫೋನು ಮಾಡಿ, ಫೈನಲಿನಲ್ಲಿ ಹೆಸರು ಬೇಡ, ಬರೀ ಸೀಟಿ ಸಾಕು ಎಂದ. ಕೃಷ್ಣಪ್ರಸಾದ್ ಒಪ್ಪಲಿಲ್ಲ. ಜನ ಬರುತ್ತಿರುವುದೇ ಅದಕ್ಕೆ; ಜಗಳ ನಿಂತಿರುವುದೂ ಅದರಿಂದಲೇ. "ಇದೊಂದು ಮುಗೀಲಿ ಮಂಜುನಾಥಪ್ಪ. ಮುಂದಿನ ವರ್ಷ ನೋಡಣ" ಎಂದರು. ಅವರು ಸಜ್ಜನರು, ಅಧ್ಯಕ್ಷರು, ತರಬೇತಿ ಕೊಡಿಸಿದವರು. ಮಂಜುನಾಥಪ್ಪ ಸರಿ ಎಂದ.

ಫೈನಲ್ ಸಾಗರದಲ್ಲಿ ನಡೆಯಿತು, ತೀರ್ಥಹಳ್ಳಿಯನ್ನು ಸೋಲಿಸಿದ್ದ ಸಾಗರಕ್ಕೂ ಹೊಸನಗರಕ್ಕೂ. ಬಿಸಿಲು ಚುರುಗುಟ್ಟುತ್ತಿತ್ತು. ಲಿಖಿತ್ ಆಡುವವರಲ್ಲಿ ಇರಲಿಲ್ಲ. ಮಂಜುನಾಥಪ್ಪನಿಗೆ ಮೈಕ್ ಅಂದು ಬೇಡವಾಗಿತ್ತು. ಹೆಸರನ್ನು ಆದಷ್ಟು ವೇಗವಾಗಿ, ಮುಂದಿನ ಸ್ಟಾಪಿನ ಹೆಸರು ಹೇಳಿದಂತೆ ಹೇಳಿ ಮುಗಿಸುತ್ತಿದ್ದ. ಜನಕ್ಕೆ ಕೇಳಲಿಲ್ಲ. "ಗಟ್ಟಿಯಾಗಿ" ಎಂದು ಕೂಗಿದರು. ಕೃಷ್ಣಪ್ರಸಾದ್ ದಿನೇಶನಿಗೆ ಹೇಳಿ ವಾಲ್ಯೂಮ್ ಏರಿಸಿದರು.

ಎರಡೂ ಕಡೆ ಒಂದೊಂದು ಗೋಲಾಗಿ, ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು. ಸಾಗರದ ಗೋಲಿನ ಮುಂದೆ ಏಳೆಂಟು ಹುಡುಗರು ಒಬ್ಬರ ಮೇಲೊಬ್ಬರು ಬಿದ್ದರು. ಧೂಳು ಎದ್ದಿತು. ಧೂಳು ಕಣ್ಣಿಗೆ ಹೊಕ್ಕು ಮಂಜುನಾಥಪ್ಪ ರೆಪ್ಪೆ ಉಜ್ಜಿಕೊಂಡ. ಕಣ್ಣು ಬಿಟ್ಟಾಗ ಹೊಸನಗರದ ಹುಡುಗ ಕಾಲು ಹಿಡಿದು ನೆಲದಲ್ಲಿ ಒದ್ದಾಡುತ್ತಿದ್ದ. ಏನೋ ಆಗಿದೆ ಎನ್ನುವುದು ಖಚಿತ. ಸೀಟಿ ಊದಿಬಿಟ್ಟ. ಊದಿದ ಮೇಲೆ ಹೆಸರು ಹೇಳಲೇಬೇಕು. ಇಡೀ ಮೈದಾನ ಕಾಯುತ್ತಿದೆ. ಹೊಳೆದ ಮೊದಲ ಹೆಸರು ನಾಲಗೆಗೆ ಬಂತು.

"ಪೆನಾಲ್ಟಿ. ತಪ್ಪು ಮಾಡಿದವರು, ಸಾಗರದ ಪೈಪಿನಂಗಡಿ ಕೃಷ್ಣಪ್ರಸಾದರ ಮಗ, ಮಧುಸೂದನ."

ವೇದಿಕೆಯ ಪಕ್ಕದಿಂದ ನಗೆ ಎದ್ದಿತು. ಅಲ್ಲಿ ಗೆರೆಯಾಚೆ ಮಧುಸೂದನ, ತಾಯಿ ಅನ್ನಪೂರ್ಣೇಶ್ವರಿಯ ಎದುರು ನಿಂತು ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದ. ತನ್ನ ಹೆಸರು ಕೇಳಿ ನೀರು ನೆತ್ತಿಗೆ ಹತ್ತಿತು.

ಅನ್ನಪೂರ್ಣೇಶ್ವರಿ ನೇರ ವೇದಿಕೆಗೆ ಹೋಗಿ ಗಂಡನ ಮುಂದೆ ನಿಂತು ಮನೆಮಾತಿನಲ್ಲೇ ಕೇಳಿದಳು. "ಎಂತ ಇದು? ಮಾಣಿ ಎನ್ನ ಹತ್ರ ನೀರು ಕುಡಿತಾ ಇದ್ದಿದ್ದ. ಇಲ್ಲಿಂದ ಅಲ್ಲಿಗೆ ಫೌಲು ಹೆಂಗೆ ಮಾಡ್ತ ಅಂವ?"

ಮೈದಾನದಲ್ಲಿ ಮಂಜುನಾಥಪ್ಪ ಲೈನ್‌ಮನ್ ವಿನೋದನ ಹತ್ತಿರ ಓಡಿದ. ವಿನೋದ್ ಮೊಬೈಲ್ ಅಂಗಡಿಯ ಹುಡುಗ, ಕೈಯಲ್ಲಿ ಬಾವುಟ. ಮಂಜುನಾಥಪ್ಪ ಅವನ ಕಿವಿಯ ಬಳಿ ಬಾಗಿ ಪಿಸುಗುಟ್ಟಿದ. ಕಾಲರಿನ ಮೈಕನ್ನು ಆರಿಸುವುದು ಮರೆತುಹೋಗಿತ್ತು. ಏರಿಸಿಟ್ಟ ವಾಲ್ಯೂಮಿನಲ್ಲಿ ಆ ಪಿಸುಮಾತು ಸಾಗರದ ಪೇಟೆಯ ತನಕ ಹೋಯಿತು.

"ವಿನೋದ, ಯಾರು ಮಾಡಿದ್ದು ಮಾರಾಯ? ನಾನು ನೋಡ್ಲೇ ಇಲ್ಲ. ಕಣ್ಣಿಗೆ ಧೂಳು ಹೋಗಿತ್ತು. ಬಾಯಿಗೆ ಬಂದ ಹೆಸರು ಹೇಳ್ದೆ."

ವಿನೋದ್ ಅವನ ಕೊರಳಿನ ಕಡೆ ಬೆರಳು ತೋರಿಸಿದ. ಮಂಜುನಾಥಪ್ಪನಿಗೆ ಅರ್ಥವಾಗಲಿಲ್ಲ. "ಕೊರಳಿಗಲ್ಲ, ಕಣ್ಣಿಗೆ" ಎಂದ. ಹಾರ್ನುಗಳು ಅದನ್ನೂ ಹೇಳಿದವು.

ಜನ ನಕ್ಕು ನಕ್ಕು ಬಾಗಿದರು. ಯಾರೋ, "ರೆಫ್ರಿಗೆ ಕಾರ್ಡ್ ಕೊಡಿ" ಎಂದರು; ಅದನ್ನೇ ಎಲ್ಲರೂ ಹಿಡಿದರು. ಕೃಷ್ಣಪ್ರಸಾದ್ ಎದ್ದು ನಿಂತರು. ಅವರು ಒಮ್ಮೆ ಮಾಡಿದ ನಿಯಮವನ್ನು ಸಡಿಲಿಸುವವರಲ್ಲ. ಮಗನ ಹೆಸರು ಬಂದಾಗ ಬಾಯಿ ಮುಚ್ಚಿ ಕೂತಿದ್ದರು. ಈಗ ರೆಫ್ರಿಯ ಸರದಿ ಬಂದಾಗ ಬಿಡುವುದು ನ್ಯಾಯವಲ್ಲ ಎಂದು ಅವರಿಗೆ ಕಂಡಿತು. ವೇದಿಕೆಯ ಮೈಕ್ ತೆಗೆದುಕೊಂಡು, ಬೇಸರದ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದರು.

"ತಪ್ಪು ಮಾಡಿದವರು, ರೆಫ್ರಿ. ಆನಂದಪುರದ ಹಾಲಮ್ಮನವರ ಯಜಮಾನರು, ಬಸ್ ಕಂಡಕ್ಟರ್ ಮಂಜುನಾಥಪ್ಪ. ನೋಡದೆ ಸೀಟಿ ಊದಿದ್ದಕ್ಕೆ."

ಮಂಜುನಾಥಪ್ಪ ಮೈದಾನದ ನಡುವೆ ಒಂಟಿಯಾಗಿ ನಿಂತಿದ್ದ. ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲುವವನಿಗೆ ಆಗ ಹಿಡಿಯಲೊಂದು ಕಂಬಿ ಬೇಕೆನಿಸಿತು ಎಂದು ಅವನೇ ಆಮೇಲೆ ಹೇಳಿಕೊಂಡ. ನಗುವವರಲ್ಲಿ ಬೇರೆ ಬೇರೆ ಮುಖ ಕಾಣಲಿಲ್ಲವಂತೆ. ಎಲ್ಲ ಸೇರಿ ಒಂದೇ ಬಾಯಿಯಾಗಿತ್ತಂತೆ. ಪೆನಾಲ್ಟಿ ರದ್ದು ಮಾಡಿ ಚೆಂಡನ್ನು ನಡುವೆ ಬಿಟ್ಟ. ಯಾರೂ ಗೋಲು ಹೊಡೆಯಲಿಲ್ಲ. ಕಪ್ಪನ್ನು ಎರಡೂ ತಂಡಗಳಿಗೆ ಆರಾರು ತಿಂಗಳು ಕೊಟ್ಟರು.

ಮಾರನೆಯ ದಿನ ಬಸ್ಸು ಹತ್ತಿದವರೆಲ್ಲ ಅವನ ಕಣ್ಣಿನ ಆರೋಗ್ಯ ವಿಚಾರಿಸಿದರು. ಒಬ್ಬರು ಕಣ್ಣಿನ ಹನಿಯ ಸೀಸೆ ಕೊಟ್ಟರು. ಟಿಕೆಟ್ ಕೇಳಿದರೆ, "ಕೊಟ್ಟಿದೀರಲ್ಲ, ನೋಡ್ಲಿಲ್ವಾ?" ಎಂದರು ಕಾಲೇಜು ಹುಡುಗರು. ಶೇಷಮ್ಮ ಇಳಿಯುವಾಗ ತಾನೇ ಕೂಗಿದಳು, "ಮಂಡಿನೋವಿನೋರು ಇಳೀತಿದೀನಿ, ಕಣ್ಣುನೋವಿನೋರು ಸ್ವಲ್ಪ ಸರೀರಿ." ಅವನೂ ನಕ್ಕ. ಮೊದಲ ದಿನ ನಗುವುದು ಕಷ್ಟವಾಗಲಿಲ್ಲ. ಎರಡನೇ ದಿನ ಕಷ್ಟವಾಯಿತು. ಮೂರನೇ ದಿನ ಡ್ರೈವರನ್ನು, ನಾಳೆ ರಜೆ ಹಾಕಲೇ ಎಂದು ಕೇಳಿದ. ಆಗ ಅವನಿಗೆ ಲಂಟಾನದ ಮರೆಯಲ್ಲಿ ನಿಂತ ಸೈಕಲ್ ಕಣ್ಮುಂದೆ ಬಂತು.

ರಜೆ ಹಾಕಲಿಲ್ಲ. ಮರುದಿನ ಮಾವಿನಕೊಪ್ಪ ಕ್ರಾಸಿನಲ್ಲಿ ಬಸ್ಸು ನಿಲ್ಲಿಸಿ, ಸ್ವಲ್ಪ ತಡೆಯಲು ಹೇಳಿ ಇಳಿದು ಗುತ್ಯಮ್ಮನ ಮನೆಗೆ ನಡೆದ. ಲಿಖಿತ್ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಅವನನ್ನು ಕಂಡದ್ದೇ ಪಂಪು ಬಿಟ್ಟು ಒಳಗೆ ಹೋಗಲು ನೋಡಿದ.

"ನಿಲ್ಲು ಮಾರಾಯ. ಮೈಕ್ ತಂದಿಲ್ಲ" ಎಂದ ಮಂಜುನಾಥಪ್ಪ.

ಹುಡುಗ ನಿಂತ. ನೆಲ ನೋಡುತ್ತ ಕೇಳಿದ, "ನಿಮ್ಗೂ ಎಲ್ರೂ ನಗ್ತಾರಂತೆ?"

"ನಗ್ತಾರೆ. ನಿನ್ನ ಹೆಸರು ಹಂಗೆ ಕೂಗಬಾರದಿತ್ತು. ನನ್ನ ಹೆಸರು ಕೂಗಿದ ಮೇಲೆ ಗೊತ್ತಾಯ್ತು. ನೀನು ಎಳೆದದ್ದೂ ಸರಿಯಲ್ಲ, ಅದು ಬೇರೆ ಮಾತು."

"ಅವ್ನು ಮೊದ್ಲು ನನ್ ಕಾಲು ತುಳಿದಿದ್ದ. ಅದು ನೀವು ನೋಡ್ಲಿಲ್ಲ."

"ಹೌದಾ?" ಮಂಜುನಾಥಪ್ಪ ಯೋಚಿಸಿದ. "ಅವತ್ತು ಧೂಳೂ ಇರ್ಲಿಲ್ಲ. ನೋಡ್ಬೇಕಿತ್ತು."

ಲಿಖಿತ್‌ಗೆ ನಗು ತಡೆಯಲಾಗಲಿಲ್ಲ. ಒಳಗಿನಿಂದ ಗುತ್ಯಮ್ಮ ಕಾಫಿ ಲೋಟ ಹಿಡಿದು ಬಂದಳು. ಕ್ರಾಸಿನಲ್ಲಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. "ಹೊಡ್ಕಳ್ಲಿ ಬಿಡು. ಕುಡ್ದು ಹೋಗು" ಎಂದಳು. ಅವನು ಕುಡಿದು ಮುಗಿಸುವ ಹೊತ್ತಿಗೆ ಹುಡುಗ ಚೀಲ ಹೆಗಲಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿ ನಿಂತಿದ್ದ. ಇಬ್ಬರೂ ಒಟ್ಟಿಗೆ ಬಸ್ಸಿಗೆ ನಡೆದರು.

ಆಮೇಲಿನ ಸಭೆಯಲ್ಲಿ ಮಂಜುನಾಥಪ್ಪ ಎದ್ದು, ಹೆಸರು ಕೂಗುವುದಾದರೆ ಬೇರೆ ರೆಫ್ರಿ ನೋಡಿಕೊಳ್ಳಿ ಎಂದ. ಸುಚಿತ್ರಾ ಅವನ ಜೊತೆ ನಿಂತಳು. ಕೃಷ್ಣಪ್ರಸಾದ್ ಬಹಳ ಹೊತ್ತು ವಾದಿಸಿದರು. ಹೆಸರು ಇಲ್ಲದಿದ್ದರೆ ಕೊಡೆ ಹಿಡಿದ ದೊಡ್ಡಪ್ಪಂದಿರು ಮತ್ತೆ ಬರುತ್ತಾರೆ ಎಂದರು. ಅದು ಸುಳ್ಳೂ ಆಗಿರಲಿಲ್ಲ. ಕೊನೆಗೆ ನಡುವಿನ ದಾರಿಯೊಂದನ್ನು ಒಪ್ಪಿಕೊಂಡರು: ಮೈಕ್ ಇರಲಿ, ಏನು ತಪ್ಪು ನಡೆಯಿತು, ಅದಕ್ಕೆ ನಿಯಮ ಏನು ಹೇಳುತ್ತದೆ ಎಂದು ರೆಫ್ರಿ ಜನಕ್ಕೆ ತಿಳಿಸಲಿ, ಯಾರು ಎನ್ನುವುದನ್ನು ಹುಡುಗನಿಗೂ ಅವನ ಕೋಚಿಗೂ ಮಾತ್ರ ಹತ್ತಿರ ಹೋಗಿ ಹೇಳಲಿ.

ಈ ವರ್ಷದ ಮೊದಲ ಪಂದ್ಯ ಹೊಸನಗರದಲ್ಲಿ ಆಯಿತು. ಸೀಟಿ ಬಿದ್ದಾಗ ಮಂಜುನಾಥಪ್ಪ, "ಅಂಗಿ ಎಳೆಯಲಾಗಿದೆ. ಎಳೆದವರಿಗೂ ಎಳೆಸಿಕೊಂಡವರಿಗೂ ಅದು ಗೊತ್ತಿದೆ. ಆಟ ಮುಂದುವರಿಯಲಿ" ಎಂದ. ಯಾರು ಯಾರೆಂದು ಜನರಲ್ಲಿ ಚರ್ಚೆ ಎದ್ದು, ಚರ್ಚೆ ಬಿಸಿಯಾಗಿ, ಎರಡೂ ಕಡೆಯವರು ತಮ್ಮ ಹುಡುಗನಂತೂ ಅಲ್ಲ ಎಂದು ಆಣೆ ಮಾಡಿದರು. ಒಬ್ಬಾತ ವಿವರ ಕೇಳಲು ಗೆರೆ ದಾಟಿ ಬಂದ. ಮಂಜುನಾಥಪ್ಪ ಮೈಕ್ ಆರಿಸಿ, ಅವನ ಹೆಗಲ ಮೇಲೆ ಕೈ ಹಾಕಿ, ಮೆಲ್ಲಗೆ ಏನೋ ಹೇಳುತ್ತ ಗೆರೆಯ ಆಚೆ ಬಿಟ್ಟು ಬಂದ. ಏನು ಹೇಳಿದ ಎಂದು ಮನೆಯಲ್ಲಿ ಹಾಲಮ್ಮ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಮದುವೆಯಾದಾಗಿನಿಂದ ಅವನು ತನ್ನಲ್ಲೇ ಇಟ್ಟುಕೊಂಡ ಮೊದಲ ಮಾತು ಅದೇ ಎಂದು ಹಾಲಮ್ಮ ರವಿಕೆ ಅಳತೆಗೆ ಬಂದವರಿಗೆಲ್ಲ ಹೇಳುತ್ತಾಳೆ.